ಶಾಲೆಗೆ ಶೌಚಾಲಯ ಬೇಕು: ಮನವಿಯನ್ನು ಯಾರ ಬಾಗಿಲಿಗೆ ಒಯ್ಯಬೇಕು, ಹೇಗೆ ಬರೆಯಬೇಕು?

ನನ್ನ ಮಗಳು ಆಗ ಆರನೇ ಕ್ಲಾಸು. ಬೆಳಗ್ಗೆ ತುಂಬಿಸಿ ಕಳಿಸಿದ ನೀರಿನ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತಿತ್ತು. ಕೇಳಿದರೆ "ಬಾಯಾರಿಕೆ ಆಗ್ಲಿಲ್ಲಮ್ಮ" ಅನ್ನುತ್ತಿದ್ದಳು. ಒಂದು ದಿನ ಅವಳ ಗೆಳತಿಯ ಅಮ್ಮ ಸಿಕ್ಕಾಗ ಹೇಳಿದರು, ಅವರ ಮನೆಯಲ್ಲೂ ಇದೇ ಕಥೆ ಅಂತ. ಶಾಲೆಯ ಶೌಚಾಲಯದಲ್ಲಿ ನೀರಿರಲಿಲ್ಲ, ಒಂದರ ಬಾಗಿಲಿಗೆ ಚಿಲಕವೂ ಇರಲಿಲ್ಲ. ಅಲ್ಲಿಗೆ ಹೋಗಬೇಕಾಗುತ್ತದಲ್ಲಾ ಅಂತ ಹೆಣ್ಣುಮಕ್ಕಳು ಇಡೀ ದಿನ ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಆ ವರ್ಷ ನಾನು ಎಸ್‌ಡಿಎಂಸಿ, ಅಂದರೆ ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ನಾವೆಲ್ಲ ಸೇರಿ ಒಂದು ಮನವಿ ಬರೆದೆವು. ಅದನ್ನೇ ಝೆರಾಕ್ಸ್ ಮಾಡಿಸಿ ನಾಲ್ಕು ಕಡೆ ಕೊಟ್ಟೆವು. ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ "ಮುಂದಿನ ಸೂಕ್ತ ಕ್ರಮಕ್ಕಾಗಿ" ಅಂತ ಸಾಗಿದ ಆ ಪತ್ರ, ಎರಡು ತಿಂಗಳಾದ ಮೇಲೆ ನಮ್ಮ ಶಾಲೆಯ ಮುಖ್ಯಶಿಕ್ಷಕರ ಮೇಜಿಗೇ ಬಂದು ಬಿತ್ತು. ಮೇಲೆ "ವರದಿ ಸಲ್ಲಿಸಿ" ಎಂದು ಬರೆದಿತ್ತು.

ಅವತ್ತು ತುಂಬಾ ಸಿಟ್ಟು ಬಂದಿತ್ತು. ರಾತ್ರಿ ಆ ಪತ್ರವನ್ನು ಮತ್ತೆ ಓದಿದೆ. ನಮ್ಮ ಕಷ್ಟ ಅದರಲ್ಲಿ ಚೆನ್ನಾಗಿಯೇ ಇತ್ತು. ಆದರೆ ಅದನ್ನು ಕೈಗೆತ್ತಿಕೊಂಡವರು ನಾಳೆ ಬೆಳಗ್ಗೆ ಏನು ಮಾಡಬೇಕು, ಎಷ್ಟು ದುಡ್ಡು, ಯಾವ ಲೆಕ್ಕದಿಂದ, ಯಾರ ಸಹಿಯಿಂದ ಅನ್ನುವುದು ಎಲ್ಲೂ ಇರಲಿಲ್ಲ. ನಾಲ್ಕು ಕಚೇರಿಗೆ ಒಂದೇ ಪತ್ರ ಕೊಟ್ಟಿದ್ದೇ ದೊಡ್ಡ ತಪ್ಪು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಧಿಕಾರ ಇರುತ್ತದೆ. ಅವರ ಕೈಯಲ್ಲಿ ಆಗುವುದನ್ನೇ ಅವರ ಹತ್ತಿರ ಕೇಳಬೇಕು. ಇದನ್ನು ಕಲಿಯುವುದಕ್ಕೆ ನಮಗೆ ಎರಡು ವರ್ಷ ಬೇಕಾಯಿತು. ನಿಮಗೆ ಅಷ್ಟು ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಸಮಸ್ಯೆಯನ್ನು ಮೊದಲು ತುಂಡು ಮಾಡಿ

"ಶೌಚಾಲಯ ಸರಿ ಇಲ್ಲ" ಅಂತ ಒಂದೇ ಮಾತಲ್ಲಿ ಹೇಳುತ್ತೇವೆ, ಒಳಗೆ ನೋಡಿದರೆ ನಾಲ್ಕು ಸಮಸ್ಯೆ ಇರುತ್ತದೆ. ನೀರಿನ ಸಂಪರ್ಕ ಇಲ್ಲ. ಬಾಗಿಲು, ಚಿಲಕ, ನಲ್ಲಿ ಕೆಟ್ಟಿದೆ. ಇರುವುದು ಸಾಲದು, ಹೊಸದು ಕಟ್ಟಬೇಕು. ಕಟ್ಟಿದ್ದನ್ನು ದಿನಾ ತೊಳೆಯುವವರಿಲ್ಲ. ಈ ನಾಲ್ಕಕ್ಕೂ ದುಡ್ಡು ಬರುವ ಜಾಗ ಬೇರೆ, ಹೂಂ ಅನ್ನುವವರು ಬೇರೆ, ಹಿಡಿಯುವ ಕಾಲವೂ ಬೇರೆ.

ಅವಸರದಲ್ಲಿ ಓದುತ್ತಿರುವವರಿಗೆ ನನ್ನ ತೀರ್ಮಾನ ಈಗಲೇ ಹೇಳಿಬಿಡುತ್ತೇನೆ. ಸಣ್ಣ ರಿಪೇರಿಗೆ ಊರಲ್ಲೇ ದುಡ್ಡು ಹೊಂದಿಸಿ, ಚಿಲಕಕ್ಕೆ ಮನವಿ ಬರೆಯುತ್ತಾ ಕೂರಬೇಡಿ. ನೀರಿಗೆ ಗ್ರಾಮ ಪಂಚಾಯಿತಿ. ಹೊಸ ಕಟ್ಟಡಕ್ಕೆ ಶಾಸಕರ ನಿಧಿ ಅಥವಾ ಕಂಪನಿಯ ಸಿಎಸ್‌ಆರ್ ದುಡ್ಡು (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ದುಡ್ಡು), ಎರಡರಲ್ಲಿ ನಿಮ್ಮ ಊರಿಗೆ ಯಾವುದು ಹತ್ತಿರವೋ ಅದು. ದಿನಾ ತೊಳೆಯುವ ಖರ್ಚಿಗೆ ಮಾತ್ರ ಹೊರಗಿನವರನ್ನು ನೆಚ್ಚಬೇಡಿ. ಮತ್ತೆ, ಇದರಲ್ಲಿ ಯಾವ ದಾರಿ ಹಿಡಿದರೂ ಗ್ರಾಮಸಭೆಯ ನಡಾವಳಿಯಲ್ಲಿ ನಿಮ್ಮ ಬೇಡಿಕೆ ಬರೆಸಿರಿ. ಆ ಒಂದು ಹಾಳೆ ಮುಂದೆ ಎಲ್ಲಾ ಕಡೆ ಕೆಲಸಕ್ಕೆ ಬರುತ್ತದೆ.

ದೂರು ಮತ್ತು ಮನವಿ ಒಂದೇ ಅಲ್ಲ

ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಇದೆ. ಇದ್ದ ವ್ಯವಸ್ಥೆ ಕೆಟ್ಟಿದ್ದರೆ, ಉದಾಹರಣೆಗೆ ಬರುತ್ತಿದ್ದ ನೀರು ನಿಂತಿದ್ದರೆ, ಅಲ್ಲಿ ದೂರು ಕೊಡಿ. ನಂಬರ್ ಸಿಗುತ್ತದೆ, ಆ ನಂಬರ್ ಹಿಡಿದು ಮತ್ತೆ ಕೇಳಬಹುದು. ಇಲ್ಲದ್ದನ್ನು ಹೊಸದಾಗಿ ಮಾಡಿಸಬೇಕು ಅಂದರೆ ದೂರು ಸಾಲದು. ಯಾಕೆಂದರೆ ಹೊಸ ಕೆಲಸಕ್ಕೆ ಅಂದಾಜು ಪಟ್ಟಿ ಬೇಕು, ಕ್ರಿಯಾ ಯೋಜನೆಯಲ್ಲಿ ಸೇರಬೇಕು, ಅನುಮೋದನೆ ಸಿಗಬೇಕು. ಫೋನಿನಲ್ಲಿ ದೂರು ತೆಗೆದುಕೊಳ್ಳುವವರ ಕೈಯಲ್ಲಿ ಇದ್ಯಾವುದೂ ಇಲ್ಲ. ಸಕಾಲ ಕಾಯ್ದೆ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. 2011ರ ಆ ಕಾಯ್ದೆ ಪ್ರಮಾಣಪತ್ರ, ಖಾತೆ ಬದಲಾವಣೆಯಂಥ ಪಟ್ಟಿ ಮಾಡಿದ ಸೇವೆಗಳಿಗೆ. ಶಾಲೆಗೆ ಶೌಚಾಲಯ ಬೇಕು ಅಂತ ಅದರಲ್ಲಿ ಕೇಳಲು ಆಗುವುದಿಲ್ಲ.

ಗ್ರಾಮ ಪಂಚಾಯಿತಿ: ನಿಧಾನ, ಆದರೆ ಗಟ್ಟಿ

ನಾನು ಆರಿಸುವುದಾದರೆ ಮೊದಲು ಇಲ್ಲಿಗೇ ಹೋಗುತ್ತೇನೆ. ಪಂಚಾಯಿತಿ ಸದಸ್ಯರು ನಮ್ಮ ಬೀದಿಯವರು. ಅವರ ಮಕ್ಕಳೋ, ಅಣ್ಣತಮ್ಮಂದಿರ ಮಕ್ಕಳೋ ಅದೇ ಶಾಲೆಯಲ್ಲಿ ಇರುತ್ತಾರೆ. ಅದಕ್ಕಿಂತ ಮುಖ್ಯ, ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ ಕನಿಷ್ಠ 6 ತಿಂಗಳಿಗೊಮ್ಮೆ ನಡೆಯಲೇಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ ಇರುತ್ತದೆ. ಅಲ್ಲಿ ಮಾತಾಡುವುದು ನಮ್ಮ ಹಕ್ಕು, ಯಾರ ಉಪಕಾರವೂ ಬೇಕಿಲ್ಲ.

ಸುಮಾರು ಜನ ಎಡವುವುದು ಟೈಮಿನಲ್ಲಿ. ಪಂಚಾಯಿತಿಗಳು ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯನ್ನು ಹಿಂದಿನ ವರ್ಷವೇ ತಯಾರು ಮಾಡುತ್ತವೆ. 2018ರಿಂದ ಇದಕ್ಕೆ ಪ್ರತಿ ವರ್ಷ ಅಕ್ಟೋಬರ್ 2ರಿಂದ ಜನಯೋಜನಾ ಅಭಿಯಾನ ನಡೆಯುತ್ತಿದೆ. ಆ ಹೊತ್ತಿನ ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮಸಭೆಯಲ್ಲಿ ನಿಮ್ಮ ಬೇಡಿಕೆ ಬಂದರೆ ಯೋಜನೆಯೊಳಗೆ ಸೇರುತ್ತದೆ. ಏಪ್ರಿಲ್‌ನಲ್ಲಿ ಹೋಗಿ ಕೇಳಿದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎಷ್ಟೇ ಒಳ್ಳೆಯವರಾಗಿದ್ದರೂ "ಈ ವರ್ಷದ ಕ್ರಿಯಾ ಯೋಜನೆ ಮುಗಿದಿದೆಯಲ್ಲ ಮೇಡಂ" ಅನ್ನಬೇಕಾಗುತ್ತದೆ. ನಮಗೆ ಹಾಗೇ ಆಗಿತ್ತು. ಒಂದು ವರ್ಷ ಹೋಯಿತು.

ಪಂಚಾಯಿತಿಗೆ ಬರೆಯುವ ಮನವಿ ಒಂದೇ ಪುಟ ಇರಲಿ. ಅದರಲ್ಲಿ ಕಣ್ಣೀರಿಗಿಂತ ಲೆಕ್ಕದ ಶೀರ್ಷಿಕೆ ಜಾಸ್ತಿ ಕೆಲಸ ಮಾಡುತ್ತದೆ. ಉದಾಹರಣೆಗೆ, 2021-22ರಿಂದ 2025-26ರವರೆಗೆ 15ನೇ ಹಣಕಾಸು ಆಯೋಗದಿಂದ ಪಂಚಾಯಿತಿಗೆ ಬಂದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ನಾವು ಎರಡನೇ ಸಲ ಬರೆದಾಗ "ಈ ಕೆಲಸ ಆ ಮೀಸಲು ಭಾಗದಲ್ಲಿ ಬರುತ್ತದೆ" ಎಂದು ಪತ್ರದಲ್ಲೇ ಒಂದು ಸಾಲು ಸೇರಿಸಿದೆವು. ಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪ ಅಂತ ಹತ್ತು ಬೇಡಿಕೆ ಎದ್ದವು, ಆದರೆ ನಮ್ಮದಕ್ಕೆ ದುಡ್ಡಿನ ಜಾಗ ಆಗಲೇ ಗೊತ್ತಿತ್ತು. ಈಗ ನಿಮ್ಮ ಪಂಚಾಯಿತಿಯಲ್ಲಿ ಯಾವ ಅನುದಾನ ನಡೆಯುತ್ತಿದೆ, ಅದರಲ್ಲಿ ನೀರಿಗೆ ಎಷ್ಟು ಅಂತ ಬರೆಯುವ ಮೊದಲು ಪಿಡಿಒ ಹತ್ತಿರ ಹೋಗಿ ಕೇಳಿ. ಸುಮ್ನೆ ಕೇಳಿದರೂ ಹೇಳುತ್ತಾರೆ. ಪಂಚಾಯಿತಿಯ ಯೋಜನೆಯನ್ನು ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲೂ ಯಾರು ಬೇಕಾದರೂ ನೋಡಬಹುದು.

ಇನ್ನೊಂದು ದಾರಿ ನನಗೆ ತುಂಬಾ ಇಷ್ಟ. ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಅಂತ ಪ್ರತಿ ವರ್ಷ ಮಾಡಬೇಕು, ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ಹೊತ್ತಿಂದ ಶುರುವಾಗುತ್ತದೆ. ಅಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು "ನಾವು ಶಾಲೆಗೆ ಬಂದ ಮೇಲೆ ನೀರು ಕುಡಿಯಲ್ಲ ಸಾರ್" ಅಂದಾಗ ಇಡೀ ಸಭೆ ಸುಮ್ಮನಾಗಿದ್ದನ್ನು ನಾನು ನೋಡಿದ್ದೇನೆ. ನಮ್ಮ ಎರಡು ವರ್ಷದ ಪತ್ರಗಳಿಂದ ಆಗದ್ದು ಆ ಒಂದು ಮಾತಿಂದ ಆಯಿತು. ಆ ಮಾತು ನಡಾವಳಿಯಲ್ಲಿ ಬರೆಯಲ್ಪಟ್ಟಿತು. ಹಾಗಂತ ಮಗುವಿಗೆ ಮಾತು ಬಾಯಿಪಾಠ ಮಾಡಿಸಬೇಡಿ. ಅವರಿಗೆ ಅನ್ನಿಸಿದ್ದನ್ನು ಹೇಳಲು ಧೈರ್ಯ ಕೊಟ್ಟರೆ ಸಾಕು.

ಶಿಕ್ಷಣ ಇಲಾಖೆ

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆಯುವುದು ಬೇಡ ಅಂತಲ್ಲ, ಆದರೆ ಬರೀ ಪತ್ರ ಬರೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿ (ನಮ್ಮಲ್ಲಿ ಎಸ್‌ಡಿಎಂಸಿ) ಒಂದು ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕು, ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರ ಆಗಬೇಕು. ಸುಮಾರು ಶಾಲೆಗಳಲ್ಲಿ ಅದನ್ನು ಮುಖ್ಯಶಿಕ್ಷಕರೊಬ್ಬರೇ ಕೂತು ತುಂಬಿಸುತ್ತಾರೆ, ಅವರಿಗೂ ನೂರೆಂಟು ಕೆಲಸ. ಸಮಿತಿಯ ಸಭೆಯಲ್ಲಿ ಕೂತು, ಶೌಚಾಲಯವನ್ನು ಮೊದಲ ನಂಬರಿಗೆ ಹಾಕಿಸಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಹೆಣ್ಣುಮಕ್ಕಳ ಶೌಚಾಲಯದ ವಿಷಯ ಮಾತಾಡಲು ಗಂಡಸರು ಹಿಂಜರಿದಾಗ ತಾಯಂದಿರು ಮಾತಾಡಬೇಕು, ಅಲ್ವಾ?

ಇಲಾಖೆಗೆ ಬರೆಯುವಾಗ ಶಾಲೆಯ 11 ಅಂಕಿಯ ಯುಡೈಸ್ ಕೋಡ್ (ಸರ್ಕಾರದ ಶಾಲಾ ಮಾಹಿತಿ ದಾಖಲೆಯಲ್ಲಿ ನಿಮ್ಮ ಶಾಲೆಯ ನಂಬರ್) ಮರೆಯಬೇಡಿ. ಇನ್ನೊಂದು ಎಚ್ಚರಿಕೆ: ಯುಡೈಸ್ ದಾಖಲೆಯಲ್ಲಿ ನಿಮ್ಮ ಶಾಲೆಗೆ "ಬಳಕೆಯಲ್ಲಿರುವ ಶೌಚಾಲಯ ಇದೆ" ಅಂತ ತುಂಬಿದ್ದರೆ, ಮೇಲಿನವರ ಕಣ್ಣಿಗೆ ನಿಮ್ಮ ಸಮಸ್ಯೆಯೇ ಇಲ್ಲ. ಮನವಿ ಬರೆಯುವುದಕ್ಕಿಂತ ಮುಂಚೆ ಅದನ್ನು ನೋಡಿ, ತಪ್ಪಿದ್ದರೆ ಸರಿ ಮಾಡಿಸಿ.

ಶಾಸಕರ ನಿಧಿಯೋ, ಕಂಪನಿಯ ದುಡ್ಡೋ?

ಹೊಸ ಕಟ್ಟಡ ಬೇಕಾದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎರಡೂ ಕಡೆ ದುಡ್ಡಿದೆ. ಎರಡಕ್ಕೂ ಬರೆಯುವ ರೀತಿ ಮಾತ್ರ ಪೂರ್ತಿ ಬೇರೆ.

ಕರ್ನಾಟಕದಲ್ಲಿ ಒಬ್ಬ ಶಾಸಕರಿಗೆ ಸ್ಥಳೀಯ ಪ್ರದೇಶಾಭಿವೃದ್ಧಿಗೆ ವರ್ಷಕ್ಕೆ 2 ಕೋಟಿ ರೂಪಾಯಿ, ವಿಧಾನ ಪರಿಷತ್ ಸದಸ್ಯರಿಗೂ ಇದೆ. ಸಂಸದರಿಗೆ ವರ್ಷಕ್ಕೆ 5 ಕೋಟಿ. ಲೋಕಸಭೆಯವರು ತಮ್ಮ ಕ್ಷೇತ್ರದಲ್ಲಿ ಕೆಲಸ ಸೂಚಿಸುತ್ತಾರೆ, ರಾಜ್ಯಸಭೆಯವರು ತಾವು ಆಯ್ಕೆಯಾದ ರಾಜ್ಯದಲ್ಲಿ ಎಲ್ಲಿ ಬೇಕಾದರೂ ಸೂಚಿಸಬಹುದು. ಈ ಕೊನೆಯದು ತುಂಬಾ ಜನಕ್ಕೆ ಗೊತ್ತಿಲ್ಲ. ನಿಮ್ಮ ತಾಲ್ಲೂಕಿನ ಕಡೆಯವರು ಯಾರಾದರೂ ರಾಜ್ಯಸಭೆಯಲ್ಲಿದ್ದರೆ ಅವರಿಗೂ ಬರೆಯಿರಿ.

ಇಲ್ಲಿ ಗಮನಿಸಬೇಕಾದ್ದು, ಇವರು ಸೂಚಿಸುತ್ತಾರೆ ಅಷ್ಟೇ. ಮಂಜೂರು ಮಾಡುವುದು ಜಿಲ್ಲಾಡಳಿತ. ಹಾಗಾಗಿ ನಿಮ್ಮ ಮನವಿಗೆ ಇಬ್ಬರು ಓದುಗರು. ಶಾಸಕರು ಅಥವಾ ಅವರ ಆಪ್ತ ಸಹಾಯಕರು ಮೊದಲ ಐದು ಸಾಲು ಓದುತ್ತಾರೆ: ಯಾವ ಊರು, ಎಷ್ಟು ಮಕ್ಕಳು, ಏನು ಬೇಕು, ಎಷ್ಟಾಗುತ್ತದೆ. ಜಿಲ್ಲಾಧಿಕಾರಿ ಕಚೇರಿಯವರು ಅದರ ಹಿಂದೆ ಇರುವುದನ್ನು ಓದುತ್ತಾರೆ: ಜಾಗ ಶಾಲೆಯ ಹೆಸರಲ್ಲಿ ಇದೆಯಾ, ಅಂದಾಜು ಪಟ್ಟಿ ಇದೆಯಾ, ಕಟ್ಟಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ. ಸಂಸದರ ನಿಧಿಯಲ್ಲಿ ಕಟ್ಟಿದ ಆಸ್ತಿಯ ನಿರ್ವಹಣೆಯನ್ನು ಬಳಸುವವರೇ ಹೊತ್ತುಕೊಳ್ಳಬೇಕು, ಆ ಒಪ್ಪಿಗೆಯನ್ನು ಮೊದಲೇ ಕೇಳುತ್ತಾರೆ. ನೀವೇ ಎಸ್‌ಡಿಎಂಸಿ ಠರಾವು ಮಾಡಿ ಲಗತ್ತಿಸಿಬಿಟ್ಟರೆ ಒಂದು ಓಡಾಟ ಉಳಿಯಿತು.

ಕಂಪನಿಗಳ ವಿಷಯ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ನಿವ್ವಳ ಮೌಲ್ಯ ಅಥವಾ 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಜಾಗದ ಸುತ್ತಮುತ್ತ ಆದ್ಯತೆ ಕೊಡಬೇಕು ಅಂತಲೂ ಅದರಲ್ಲಿದೆ. ನಿಮ್ಮ ಊರಿನ ಹತ್ತಿರ ಸಿಮೆಂಟ್ ಫ್ಯಾಕ್ಟರಿಯೋ, ಸಕ್ಕರೆ ಕಾರ್ಖಾನೆಯೋ, ಗಾಳಿಯಂತ್ರದ ಕಂಪನಿಯೋ ಇದ್ದರೆ "ನಿಮ್ಮ ಗೇಟಿನಿಂದ ನಮ್ಮ ಶಾಲೆ 6 ಕಿಲೋಮೀಟರ್" ಅನ್ನುವ ಸಾಲು ಮೊದಲ ಪ್ಯಾರಾದಲ್ಲೇ ಇರಬೇಕು. ನಾನಾದರೆ ದೂರದ ಬೆಂಗಳೂರಿನ ದೊಡ್ಡ ಹೆಸರಿಗಿಂತ ಹತ್ತಿರದ ಸಣ್ಣ ಹೆಸರನ್ನು ಮೊದಲು ಕೇಳುತ್ತೇನೆ.

ಆದರೆ ಇಲ್ಲೊಂದು ತೊಡಕಿದೆ. ಕಂಪನಿ ತಾನೇ ನೇರವಾಗಿ ಕಟ್ಟಿಸಿಕೊಡಬಹುದು. ಬೇರೆಯವರ ಮೂಲಕ ಮಾಡಿಸುವುದಾದರೆ, ಆ ಟ್ರಸ್ಟ್ ಅಥವಾ ಸಂಸ್ಥೆ ಸಿಎಸ್‌ಆರ್-1 ಅನ್ನುವ ಅರ್ಜಿ ತುಂಬಿ ಕೇಂದ್ರ ಸರ್ಕಾರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು, ಇದು 2021ರ ಏಪ್ರಿಲ್‌ನಿಂದ ಬಂದ ನಿಯಮ. "ದುಡ್ಡನ್ನು ಎಸ್‌ಡಿಎಂಸಿ ಖಾತೆಗೆ ಹಾಕಿ" ಅಂತ ಬರೆದರೆ ಅವರ ಕಡತ ಅಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. "ನೀವೇ ಕಟ್ಟಿಸಿಕೊಡಿ, ಇಲಾಖೆಯ ಒಪ್ಪಿಗೆ ಪತ್ರ ನಾವು ತರುತ್ತೇವೆ" ಅಂತ ಬರೆಯಿರಿ. ಕಂಪನಿಗೆ ಬರೆಯುವ ಪ್ರಸ್ತಾವನೆ ನಾಲ್ಕೈದು ಪುಟ ಆದರೂ ಪರವಾಗಿಲ್ಲ. ಅವರಿಗೆ ಫೋಟೊ ಬೇಕು, ಕೆಲಸ ಯಾವ ತಿಂಗಳು ಶುರುವಾಗಿ ಯಾವ ತಿಂಗಳು ಮುಗಿಯುತ್ತದೆ ಅನ್ನುವುದು ಬೇಕು, ಮುಗಿದ ಮೇಲೆ ಏನು ಬದಲಾಯಿತು ಅಂತ ತೋರಿಸುವ ಅಳತೆ ಬೇಕು. "ಹೆಣ್ಣುಮಕ್ಕಳ ಹಾಜರಿ ಈಗ ಇಷ್ಟು, ಒಂದು ವರ್ಷದ ನಂತರ ಮತ್ತೆ ಲೆಕ್ಕ ಕೊಡುತ್ತೇವೆ" ಅಂದರೆ ಅವರಿಗೆ ತಮ್ಮ ಮೇಲಿನವರ ಹತ್ತಿರ ಹೇಳಲು ಒಂದು ಮಾತು ಸಿಗುತ್ತದೆ. ಫೋಟೊದಲ್ಲಿ ಮಕ್ಕಳ ಮುಖ ಹಾಕಬೇಡಿ, ದಯವಿಟ್ಟು. ಮುರಿದ ಬಾಗಿಲು, ಒಣಗಿದ ನಲ್ಲಿ ಸಾಕು.

ಎರಡರಲ್ಲಿ ಯಾವುದು ಅಂದರೆ? ಪಂಚಾಯಿತಿ ನಡಾವಳಿ ಕೈಯಲ್ಲಿದ್ದು, ಎಂಜಿನಿಯರ್ ಅಂದಾಜು ಪಟ್ಟಿ ಸಿದ್ಧವಿದ್ದರೆ ಶಾಸಕರ ನಿಧಿ. ಬರೆಯಲು, ಫೋಟೊ ತೆಗೆಯಲು, ಇ-ಮೇಲ್‌ಗೆ ಉತ್ತರ ಕೊಡಲು ನಿಮ್ಮಲ್ಲಿ ಒಬ್ಬರಾದರೂ ಬಿಡುವಿದ್ದವರು ಇದ್ದು, ಹತ್ತಿರದಲ್ಲಿ ಕಂಪನಿಯೂ ಇದ್ದರೆ ಸಿಎಸ್‌ಆರ್. ಎರಡೂ ಕಡೆ ಒಟ್ಟಿಗೆ ಕೇಳಬಹುದು, ಆದರೆ ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಕೇಳಬೇಡಿ. ಒಂದೇ ಕೆಲಸಕ್ಕೆ ಎರಡು ಕಡೆಯಿಂದ ದುಡ್ಡು ಬಂದರೆ ಕೊನೆಗೆ ಕಷ್ಟ ಮುಖ್ಯಶಿಕ್ಷಕರಿಗೆ.

ಊರವರ ದೇಣಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಉದ್ದ ಪ್ರಸ್ತಾವನೆ ಬೇಡ. ಒಂದು ಫೋಟೊ, ಒಂದು ಮೊತ್ತ, ಕೊನೆಯ ದಿನಾಂಕ, ಆಮೇಲೆ ಬಿಲ್ಲಿನ ಫೋಟೊ. ನಮ್ಮ ಶಾಲೆಯ ಚಿಲಕ, ಎರಡು ಬಾಗಿಲು, ಒಂದು ಕಿಟಕಿ ಹೀಗೇ ಒಂದೇ ವಾರದಲ್ಲಿ ಆಯಿತು.

ಒಂದೇ ಸಮಸ್ಯೆ, ಎರಡು ಪ್ಯಾರಾ

ನಮ್ಮ ಮೊದಲ ಪತ್ರದ ಸಾಲು ಹೀಗಿತ್ತು:

"ನಮ್ಮ ಶಾಲೆಯಲ್ಲಿ ಮೂಲಭೂತ ಸೌಕರ್ಯಗಳ ಕೊರತೆ ಇದ್ದು ವಿದ್ಯಾರ್ಥಿಗಳಿಗೆ ತುಂಬಾ ತೊಂದರೆಯಾಗುತ್ತಿರುವುದರಿಂದ ತಾವು ದಯಮಾಡಿ ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕಳಕಳಿಯಿಂದ ಕೋರುತ್ತೇವೆ."

ಎರಡನೇ ವರ್ಷ ಬರೆದದ್ದು ಹೀಗೆ:

"ಶಾಲೆಯಲ್ಲಿ 142 ಮಕ್ಕಳಿದ್ದಾರೆ, ಅದರಲ್ಲಿ 71 ಹೆಣ್ಣುಮಕ್ಕಳು. ಹೆಣ್ಣುಮಕ್ಕಳಿಗೆ ಇರುವ 2 ಶೌಚಾಲಯಗಳಿಗೆ ನೀರಿನ ಸಂಪರ್ಕವಿಲ್ಲ. ಶಾಲೆಯ ಕಾಂಪೌಂಡಿನಿಂದ 40 ಮೀಟರ್ ದೂರದಲ್ಲಿ ಪಂಚಾಯಿತಿಯ ನೀರಿನ ಪೈಪ್‌ಲೈನ್ ಇದೆ. ಅಲ್ಲಿಂದ ಸಂಪರ್ಕ ಕೊಟ್ಟು 1000 ಲೀಟರ್ ಟ್ಯಾಂಕ್ ಕೂರಿಸಿಕೊಡಬೇಕು. ಅಂದಾಜು ವೆಚ್ಚ 38,000 ರೂಪಾಯಿ, ಪಟ್ಟಿ ಲಗತ್ತಿಸಿದೆ."

ಮೊದಲನೆಯದನ್ನು ಓದಿದರೆ ಪಾಪ ಅನ್ನಿಸುತ್ತದೆ. ಎರಡನೆಯದನ್ನು ಓದಿದರೆ ಗುಮಾಸ್ತರು ತಮ್ಮ ಟಿಪ್ಪಣಿಯನ್ನು ಅದರಿಂದಲೇ ಎತ್ತಿ ಬರೆಯಬಹುದು. ಕಚೇರಿಯಲ್ಲಿ ನಿಮ್ಮ ಪತ್ರದ ಮೇಲೆ ಯಾರೋ ಒಬ್ಬರು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಬೇಕು. ಆ ಒಬ್ಬರ ಕೆಲಸವನ್ನು ನೀವು ಅರ್ಧ ಮುಗಿಸಿಕೊಟ್ಟರೆ ಅದು ಮೇಲಕ್ಕೆ ಹೋಗುತ್ತದೆ.

"ಸೂಕ್ತ ಕ್ರಮ" ಅನ್ನುವ ಪದವನ್ನು ನಾನೀಗ ಬಳಸುವುದೇ ಇಲ್ಲ. ಏನು ಸೂಕ್ತ ಅನ್ನುವುದನ್ನು ಹೇಳಲಿಕ್ಕೇ ತಾನೇ ನಾವು ಬರೆಯುತ್ತಿರುವುದು?

ನಿಯಮ ಎಷ್ಟು ಬೇಕೋ ಅಷ್ಟೇ ಹಾಕಿ. ಗಂಡುಮಕ್ಕಳಿಗೆ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಮತ್ತು ಕುಡಿಯುವ ನೀರು ಇರಲೇಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿದೆ. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಶಾಲೆಗಳಲ್ಲೂ 6 ತಿಂಗಳೊಳಗೆ ಈ ಸೌಕರ್ಯ ಮಾಡಬೇಕು ಅಂದಿತ್ತು. ಸ್ವಚ್ಛ ವಿದ್ಯಾಲಯ ಮಾರ್ಗಸೂಚಿಯಲ್ಲಿ ಸುಮಾರು 40 ಮಕ್ಕಳಿಗೆ ಒಂದು ಶೌಚಾಲಯ, 3 ಮೂತ್ರಾಲಯ ಅನ್ನುವ ಅಳತೆ ಇದೆ. ಹೊಸ ಕಟ್ಟಡ ಕೇಳುವಾಗ ಈ ಕೊನೆಯದು ತುಂಬಾ ಉಪಯೋಗ, ಯಾಕೆಂದರೆ "ಇದ್ದದ್ದು ಸಾಲದು" ಅನ್ನುವುದು ಆಗ ನಮ್ಮ ಅಭಿಪ್ರಾಯ ಅಲ್ಲ, ಲೆಕ್ಕ. ಆದರೆ ಕಾಯ್ದೆ, ಕೋರ್ಟು ಎಲ್ಲಾ ಮೊದಲ ಪ್ಯಾರಾದಲ್ಲೇ ತುಂಬಿದರೆ ಓದುವವರಿಗೆ ಬೆದರಿಕೆ ಹಾಕಿದಂತೆ ಕಾಣುತ್ತದೆ. ಕೆಳಗೆ ಒಂದು ಸಾಲಿನಲ್ಲಿ ಇರಲಿ.

ಅಂದಾಜು ಪಟ್ಟಿಯ ಬಗ್ಗೆ: ಊರಿನ ಮೇಸ್ತ್ರಿ ಹೇಳಿದ ರೇಟು ಸರ್ಕಾರಿ ಕಡತಕ್ಕೆ ನಡೆಯುವುದಿಲ್ಲ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಎಂಜಿನಿಯರ್ ಸರ್ಕಾರಿ ದರಪಟ್ಟಿ ಪ್ರಕಾರ ಮಾಡಿದ್ದೇ ಬೇಕು. ಕಂಪನಿಗಾದರೆ ಎರಡು ಮೂರು ಕಡೆಯ ಕೊಟೇಶನ್ ಸಾಮಾನ್ಯವಾಗಿ ಸಾಕಾಗುತ್ತದೆ. ಸಣ್ಣ ವ್ಯತ್ಯಾಸ ಅನ್ನಿಸಬಹುದು, ಆದರೆ ಇದರಿಂದಲೇ ತಿಂಗಳುಗಟ್ಟಲೆ ಹಿಂದೆ ಮುಂದೆ ಆಗುತ್ತದೆ.

ಯಾರು ತೊಳೆಯುತ್ತಾರೆ?

ಕಟ್ಟಿಸಿಕೊಡಲು ಮುಂದೆ ಬರುವವರು ಸಿಗುತ್ತಾರೆ. ಉದ್ಘಾಟನೆ, ಕಲ್ಲಿನ ಮೇಲೆ ಹೆಸರು ಎಲ್ಲಾ ಇರುತ್ತದೆ. ಎರಡು ವರ್ಷದ ನಂತರ ಅದಕ್ಕೆ ಬೀಗ ಬಿದ್ದಿರುತ್ತದೆ. ನಾನು ನೋಡಿದ ಶಾಲೆಗಳಲ್ಲಿ ಮುಕ್ಕಾಲು ಪಾಲು ಸಮಸ್ಯೆ ಕಟ್ಟಡ ಇಲ್ಲದ್ದರಿಂದ ಬಂದದ್ದಲ್ಲ, ತೊಳೆಯುವವರು ಇಲ್ಲದೆ ಮುಚ್ಚಿದ್ದರಿಂದ.

ಲೆಕ್ಕ ನೋಡಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 100ಕ್ಕಿಂತ ಜಾಸ್ತಿ, 250ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿವರೆಗೆ ಶಾಲಾ ಅನುದಾನ ಸಿಗಬಹುದು, ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಅನ್ನುವುದು ನಿಯಮ. ಅಂದರೆ ವರ್ಷಕ್ಕೆ 5,000. ತಿಂಗಳಿಗೆ 400 ಚಿಲ್ಲರೆ. ಫಿನಾಯಿಲ್, ಬ್ರಷ್, ಸೋಪಿಗೇ ಅದು ಮುಗಿಯುತ್ತದೆ, ತೊಳೆಯುವವರಿಗೆ ಕೂಲಿ ಎಲ್ಲಿಂದ? ಮಕ್ಕಳ ಕೈಲಿ ತೊಳೆಸುವ ಮಾತು ಬೇಡವೇ ಬೇಡ. ಅಡುಗೆ ಮಾಡುವ ಅಕ್ಕಂದಿರ ಮೇಲೂ ಹೊರಿಸಬಾರದು.

ಅದಕ್ಕೆ ನಿಮ್ಮ ಪ್ರಸ್ತಾವನೆ ಯಾವುದೇ ಇರಲಿ, ಕೊನೆಯ ಅರ್ಧ ಪುಟ ಇದಕ್ಕೇ ಮೀಸಲಿಡಿ. ನಾವು ಬರೆದದ್ದು ಇಷ್ಟು: ವಾರಕ್ಕೆ ಆರು ದಿನ ಒಬ್ಬರು ಅರ್ಧ ಗಂಟೆ ಕೆಲಸ ಮಾಡುತ್ತಾರೆ, ಅವರಿಗೆ ತಿಂಗಳಿಗೆ ಇಷ್ಟು, ಅದರಲ್ಲಿ ಇಷ್ಟನ್ನು ಎಸ್‌ಡಿಎಂಸಿ ಕೊಡುತ್ತದೆ, ಉಳಿದದ್ದು ಹಳೆ ವಿದ್ಯಾರ್ಥಿಗಳಿಂದ, 2 ವರ್ಷಕ್ಕೆ ಆಗುವಷ್ಟು ಈಗಲೇ ಬ್ಯಾಂಕಿನಲ್ಲಿ ಇಟ್ಟಿದ್ದೇವೆ. ಹೊಸ ಕಟ್ಟಡಕ್ಕೆ ನಾವು ಪ್ರಸ್ತಾವನೆ ಕೊಟ್ಟ ಕಂಪನಿಯವರು ಶಾಲೆಗೆ ಬಂದಾಗ ಕೇಳಿದ ಮೊದಲ ಪ್ರಶ್ನೆ ಇದೇ ಆಗಿತ್ತು. ಪಾಸ್‌ಬುಕ್ ತೋರಿಸಿದೆವು. ಬೇರೆ ಪ್ರಶ್ನೆ ಜಾಸ್ತಿ ಬರಲಿಲ್ಲ.

ಕೊಟ್ಟ ಮೇಲೆ

ಪತ್ರ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಹೊರಗೆ ಬನ್ನಿ. "ಕೊಡಿ, ಸಾಹೇಬರಿಗೆ ತೋರಿಸ್ತೀನಿ" ಅಂದರೆ ನಗುತ್ತಲೇ "ಒಂದು ಸೀಲು ಹಾಕಿಕೊಟ್ಟುಬಿಡಿ ಅಣ್ಣಾ" ಅನ್ನಿ. 15 ದಿನ ಬಿಟ್ಟು ಹೋಗಿ, ಆ ನಂಬರ್ ಹೇಳಿ ಕಡತ ಯಾರ ಮೇಜಿನ ಮೇಲಿದೆ ಅಂತ ಕೇಳಿ. ಸಾಧ್ಯವಾದರೆ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ತಾಯಂದಿರು ಹೋಗಿ. ಜಗಳ ಬೇಡ. ಪ್ರತಿ ಸಲ ಹೋದ ದಿನ, ಸಿಕ್ಕವರು, ಹೇಳಿದ ಮಾತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮೂರು ಸಲ ಹೋದರೂ ಉತ್ತರ ಇಲ್ಲ ಅಂದರೆ ಆಗ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ಇಂಥ ದಿನ, ಇಂಥ ನಂಬರಿನಲ್ಲಿ ಸ್ವೀಕರಿಸಿದ ಮನವಿಯ ಮೇಲೆ ಬರೆದ ಎಲ್ಲಾ ಟಿಪ್ಪಣಿಗಳ ನಕಲು ಕೊಡಿ" ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ನಮ್ಮ ನೀರಿನ ಕೆಲಸದಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಅರ್ಜಿ ಕೊಟ್ಟ ಹತ್ತನೇ ದಿನ ಎಂಜಿನಿಯರ್ ಟೇಪು ಹಿಡಿದು ಶಾಲೆಗೆ ಬಂದರು, ಪೈಪ್‌ಲೈನಿನಿಂದ ಕಾಂಪೌಂಡಿಗೆ ಅಳೆದು 43 ಮೀಟರ್ ಅಂತ ಬರೆದುಕೊಂಡು ಹೋದರು.